ಮೇಯರೇ ಇಲ್ಲದ ಊರಲ್ಲಿ ಮನೆ ಕೊಳ್ಳಬಹುದಾ?

ಪ್ರಶ್ನೆ: ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು, ಮೈಸೂರಿನಲ್ಲಿದ್ದೇನೆ. ಮಗ-ಸೊಸೆ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹತ್ತಿರ ಲಡೇರಾ ಅನ್ನೋ ಕಡೆ ಒಂದು ಮನೆ ನೋಡಿದ್ದಾರೆ. ವಿಳಾಸದಲ್ಲಿ ಪೋರ್ಟೋಲಾ ವ್ಯಾಲಿ ಅಂತಿದೆ. ಏಜೆಂಟ್ ಮಾತ್ರ 'ಇದು ಪೋರ್ಟೋಲಾ ವ್ಯಾಲಿಗೆ ಸೇರಿದ್ದಲ್ಲ, ಯಾವ ಊರಿಗೂ ಸೇರಿದ್ದಲ್ಲ, ಅನ್‌ಇನ್‌ಕಾರ್ಪೊರೇಟೆಡ್' ಅನ್ನುತ್ತಾರೆ. ಇದು ನಮ್ಮ ರೆವಿನ್ಯೂ ಸೈಟ್ ಥರಾನಾ? ನೀರು, ರಸ್ತೆ, ಪೊಲೀಸ್ ಯಾರು ನೋಡಿಕೊಳ್ಳುತ್ತಾರೆ? ನಾಳೆ ಪಕ್ಕದ ಊರು ಇದನ್ನು ಸೇರಿಸಿಕೊಂಡರೆ? ಇನ್ನೊಂದು ವಿಷಯ. ಮನೆ ಕಾಗದಗಳ ಜೊತೆ ಬಂದ ಹಳೇ ಷರತ್ತುಪತ್ರದ ಮೇಲೆ ಒಂದು ಹಾಳೆ ಇದೆ. ಜನಾಂಗ, ಬಣ್ಣ, ಧರ್ಮದ ಮೇಲೆ ಯಾವುದೇ ನಿರ್ಬಂಧ ಇದರಲ್ಲಿದ್ದರೆ ಅದು ಅಸಿಂಧು ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಓದಿ ಸೊಸೆಗೆ ಕಸಿವಿಸಿಯಾಗಿದೆ. ಏನಿದು ಊರಿನ ಕಥೆ?

ಉತ್ತರ: ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ. ರೆವಿನ್ಯೂ ಸೈಟ್ ಥರ ಅಲ್ಲವೇ ಅಲ್ಲ. ಬಡಾವಣೆಗೆ ಮಂಜೂರಾತಿ ಇದೆ, ಹಕ್ಕುಪತ್ರ ಪಕ್ಕಾ, ಬ್ಯಾಂಕ್ ಸಾಲ ಸಿಗುತ್ತದೆ. ಲಡೇರಾದಲ್ಲಿ ಮನೆ ಸಿಕ್ಕರೆ ಸಾಕು ಅಂತ ಹಲವು ಮಿಲಿಯನ್ ಡಾಲರ್ ಹಿಡಿದು ಕಾಯುವವರಿದ್ದಾರೆ. ಮಗನಿಗೆ ಹಣದ ಚಿಂತೆ ಇರಬಹುದು, ಕಾಗದದ ಚಿಂತೆ ಬೇಡ.

ಸರ್ವೆಯಲ್ಲಿದ್ದವರು ನೀವು, ಹಾಗಾಗಿ ಗಡಿಯಿಂದಲೇ ಶುರು ಮಾಡೋಣ. ನಮ್ಮಲ್ಲಿ ಜನ ವಾಸ ಮಾಡುವ ಜಾಗ ಅಂದರೆ ಗ್ರಾಮ ಪಂಚಾಯಿತಿಗೋ ಪುರಸಭೆಗೋ ನಗರಪಾಲಿಕೆಗೋ ಸೇರಿರಬೇಕು ಅಂತಲೇ ನಾವು ಅಂದುಕೊಂಡಿರುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಇಡೀ ರಾಜ್ಯ ನಮ್ಮ ಜಿಲ್ಲೆಗಳ ಥರದ ಕೌಂಟಿಗಳಾಗಿ ಹಂಚಿಹೋಗಿದೆ, ಆ ಮಟ್ಟದಲ್ಲಿ ಒಂದಿಂಚೂ ಬಿಟ್ಟುಹೋಗಿಲ್ಲ. ಆದರೆ ಕೌಂಟಿಯ ಒಳಗೆ ನಗರ ಅನ್ನುವುದು ಅಲ್ಲಿನ ಜನ ಮತ ಹಾಕಿ ಮಾಡಿಕೊಳ್ಳುವ ವ್ಯವಸ್ಥೆ. ಮಾಡಿಕೊಂಡವರಿಗೆ ಕೌನ್ಸಿಲ್ ಇರುತ್ತದೆ, ಮೇಯರ್ ಇರುತ್ತಾರೆ, ತಮ್ಮದೇ ಕಟ್ಟಡ ನಿಯಮಗಳಿರುತ್ತವೆ. ಮಾಡಿಕೊಳ್ಳದೆ ಉಳಿದ ಜಾಗವನ್ನು ಕೌಂಟಿಯೇ ನೋಡಿಕೊಳ್ಳುತ್ತದೆ. ಅದೇ ಅನ್‌ಇನ್‌ಕಾರ್ಪೊರೇಟೆಡ್. ಅದರಲ್ಲಿ ಕಾಡು ಇರುತ್ತದೆ, ಹೊಲ ಇರುತ್ತದೆ, ಲಡೇರಾದಂಥ ಶ್ರೀಮಂತ ಬಡಾವಣೆಯೂ ಇರುತ್ತದೆ.

ಲಡೇರಾ ಇರುವುದು ಸ್ಯಾನ್ ಮಟೇಯೊ ಕೌಂಟಿಯ ದಕ್ಷಿಣ ಭಾಗದಲ್ಲಿ. ಈ ಕೌಂಟಿಯಲ್ಲಿ ನಗರ, ಪಟ್ಟಣ ಅಂತ ಆಗಿರುವವು 20. ಲಡೇರಾ ಆ ಲೆಕ್ಕದಲ್ಲಿಲ್ಲ. ಜನಗಣತಿಯವರು ಎಣಿಕೆಯ ಅನುಕೂಲಕ್ಕೆ ಅದರ ಸುತ್ತ ಒಂದು ಗೆರೆ ಎಳೆದು ಹೆಸರಿಟ್ಟಿದ್ದಾರೆ. ಆ ಗೆರೆಗೆ ಯಾವ ಅಧಿಕಾರವೂ ಇಲ್ಲ, ಎಣಿಸಲಿಕ್ಕೆ ಮಾತ್ರ. 2020ರಲ್ಲಿ ಎಣಿಸಿದಾಗ ಅಲ್ಲಿದ್ದವರು ಒಂದೂವರೆ ಸಾವಿರಕ್ಕೆ ಸ್ವಲ್ಪ ಮೇಲೆ. ಮನೆಗಳು ಐನೂರು ಚಿಲ್ಲರೆ. 280ನೇ ನಂಬರಿನ ಹೆದ್ದಾರಿಯಲ್ಲಿ ಆಲ್ಪೈನ್ ರೋಡ್ ಕಡೆ ಇಳಿದು ಬೆಟ್ಟದತ್ತ ತಿರುಗಿದರೆ ಕೆಲವೇ ನಿಮಿಷ. ರಸ್ತೆ ಬದಿಗೆ ಒಂದು ಸಣ್ಣ ಶಾಪಿಂಗ್ ಸೆಂಟರ್, ಅದರ ಹಿಂದೆ ಗುಡ್ಡದ ಇಳಿಜಾರಿನಲ್ಲಿ ಮನೆಗಳು. ಬೀದಿಗಳು ಗುಡ್ಡ ತಿರುಗಿದ ಹಾಗೇ ತಿರುಗುತ್ತವೆ. ನೇರವಾದ ಅಡ್ಡರಸ್ತೆ, ಮುಖ್ಯರಸ್ತೆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವಿಳಾಸದಲ್ಲಿ ಪೋರ್ಟೋಲಾ ವ್ಯಾಲಿ ಅಂತಿರುವುದು ಅಂಚೆಯವರ ಕೆಲಸ. 94028 ಅನ್ನುವ ಪಿನ್‌ಕೋಡ್ ಆ ಪಟ್ಟಣಕ್ಕೂ ಲಡೇರಾಕ್ಕೂ ಒಂದೇ. ಕಾಗದ ಹಂಚುವ ಅನುಕೂಲಕ್ಕೆ ಬರೆಯುವ ಹೆಸರು ಅದು. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಈ ಎಚ್ಚರ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊಮ್ಮಕ್ಕಳ ಶಾಲೆ ವಿಷಯದಲ್ಲಿ ಇದೇ ಗೊಂದಲ ಆಗುತ್ತದೆ. ಪೋರ್ಟೋಲಾ ವ್ಯಾಲಿಗೆ ತನ್ನದೇ ಶಾಲಾ ಜಿಲ್ಲೆ ಇದೆ (ಇಲ್ಲಿ ಜಿಲ್ಲೆ, ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ, ಒಂದು ಕೆಲಸಕ್ಕೆ ಅಂತಲೇ ಇರುವ ಸ್ಥಳೀಯ ಸಂಸ್ಥೆ). ಲಡೇರಾ ಅದಕ್ಕೆ ಸೇರುವುದಿಲ್ಲ. ಇಲ್ಲಿನ ಮಕ್ಕಳು ಹೋಗುವುದು ಲಾಸ್ ಲೋಮಿಟಾಸ್ ಶಾಲಾ ಜಿಲ್ಲೆಯ ಶಾಲೆಗಳಿಗೆ, ಅಂದರೆ ಹೆದ್ದಾರಿ ದಾಟಿ ಆಚೆ ಕಡೆಗೆ. ಹೈಸ್ಕೂಲಿಗೆ ಬಂದರೆ ಸೆಕೋಯಾ ಯೂನಿಯನ್ ಅನ್ನುವ ಇನ್ನೊಂದು ಜಿಲ್ಲೆ. ಎರಡೂ ಒಳ್ಳೇವೇ. ಆದರೆ ಶಾಲೆ ನೋಡಿ ಮನೆ ತಗೊಳ್ಳುವವರು ವಿಳಾಸ ನಂಬಿಕೊಂಡು ಕೂತರೆ ಕೆಟ್ಟರು. ಮನೆ ನಂಬರ್ ಹಿಡಿದು ಶಾಲಾ ಜಿಲ್ಲೆಯವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಲಿ.

ಇನ್ನು ನೀರು, ರಸ್ತೆ, ಪೊಲೀಸ್. ಇಲ್ಲಿ ಮೇಯರ್ ಇಲ್ಲ ಅನ್ನುವುದು ನಿಜ. ಸರ್ಕಾರ ಇಲ್ಲ ಅನ್ನುವುದು ಸುಳ್ಳು. ಸರ್ಕಾರ ಜಾಸ್ತಿಯೇ ಇದೆ, ಚೂರು ಚೂರಾಗಿ ಇದೆ. ರಸ್ತೆ ಕೌಂಟಿಯದು. ಪೊಲೀಸ್ ಅಂದರೆ ಕೌಂಟಿ ಶೆರಿಫ್. ಇದರಲ್ಲೊಂದು ತಮಾಷೆ: ಪಟ್ಟಣವಾಗಿರುವ ಪೋರ್ಟೋಲಾ ವ್ಯಾಲಿಗೂ ಸ್ವಂತ ಪೊಲೀಸ್ ಇಲ್ಲ, ಅವರೂ ದುಡ್ಡು ಕೊಟ್ಟು ಅದೇ ಶೆರಿಫ್‌ನನ್ನೇ ಕರೆಸಿಕೊಳ್ಳುತ್ತಾರೆ. ಬೆಂಕಿಗೆ ವುಡ್‌ಸೈಡ್ ಅಗ್ನಿಶಾಮಕ ಜಿಲ್ಲೆ. ಅದರ ವ್ಯಾಪ್ತಿಯಲ್ಲಿ ಎರಡು ಪಟ್ಟಣಗಳಿವೆ, ಲಡೇರಾದಂಥ ಕೌಂಟಿ ಜಾಗಗಳೂ ಇವೆ. ಒಳಚರಂಡಿಗೆ ವೆಸ್ಟ್ ಬೇ ಸ್ಯಾನಿಟರಿ ಡಿಸ್ಟ್ರಿಕ್ಟ್. ಕುಡಿಯುವ ನೀರು ಕೊಡುವುದು ಸರ್ಕಾರವೇ ಅಲ್ಲ, ಕ್ಯಾಲ್ ವಾಟರ್ ಅನ್ನುವ ಖಾಸಗಿ ಕಂಪನಿ. ದರ ಏರಿಸಬೇಕಾದರೆ ರಾಜ್ಯದ ಆಯೋಗದ ಒಪ್ಪಿಗೆ ಬೇಕು. ಆ ಕಂಪನಿ ಈ ಭಾಗಕ್ಕೆ ಕೊಡುವ ನೀರಿನ ಬಹುಪಾಲನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಕೊಳ್ಳುತ್ತದೆ. ಅದು ಬರುವುದು ದೂರದ ಸಿಯೆರಾ ಪರ್ವತದ ಹೆಚ್ ಹೆಚಿ ಜಲಾಶಯದಿಂದ. ಸೊಳ್ಳೆಗೂ ಒಂದು ಜಿಲ್ಲೆ ಇದೆ, ಸುಮ್ನೆ ಹೇಳುತ್ತಿಲ್ಲ. ಸೊಳ್ಳೆ ನಿಯಂತ್ರಣಕ್ಕೇ ಒಂದು ಪ್ರತ್ಯೇಕ ಮಂಡಳಿ, ಅದಕ್ಕೂ ತೆರಿಗೆಯಲ್ಲಿ ಪಾಲು.

ಐನೂರು ಮನೆಯ ಈ ಬಡಾವಣೆಗೆ ಅಂತಲೇ ಇರುವ ಸರ್ಕಾರವೂ ಒಂದಿದೆ. ಲಡೇರಾ ರಿಕ್ರಿಯೇಷನ್ ಡಿಸ್ಟ್ರಿಕ್ಟ್. ಈಜುಕೊಳ, ಟೆನಿಸ್ ಕೋರ್ಟ್ ನೋಡಿಕೊಳ್ಳುವುದು ಇವರು. ಇದು ಕ್ಲಬ್ ಅಲ್ಲ. ಕಾನೂನಿನ ಪ್ರಕಾರ ರಚನೆಯಾದ, ಜನರೇ ಆರಿಸುವ ಮಂಡಳಿ ಇರುವ ವಿಶೇಷ ಜಿಲ್ಲೆ. ಪೊಲೀಸ್ ಇಲ್ಲ, ಕೌನ್ಸಿಲ್ ಇಲ್ಲ, ಈಜುಕೊಳಕ್ಕೆ ಮಾತ್ರ ಸರ್ಕಾರ! ಅಮೆರಿಕದ ಸ್ಥಳೀಯ ಆಡಳಿತ ಅರ್ಥ ಮಾಡಿಕೊಳ್ಳಬೇಕಾದರೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಇದರ ಜೊತೆ ನಿವಾಸಿಗಳ ಸಂಘವೂ ಇದೆ, ಲಡೇರಾ ಕಮ್ಯುನಿಟಿ ಅಸೋಸಿಯೇಷನ್. ಊರಿನ ಪರವಾಗಿ ಕೌಂಟಿ ಮುಂದೆ ಹೋಗಿ ಮಾತಾಡುವುದು ಇವರೇ. ಆದರೆ ಸಂಘ ಸಂಘವೇ. ಕಾನೂನು ಮಾಡುವ ಹಕ್ಕು ಅದಕ್ಕಿಲ್ಲ.

ಇದನ್ನೆಲ್ಲ ಒಂದೇ ಕಾಗದದಲ್ಲಿ ನೋಡುವ ಉಪಾಯ ಇದೆ. ಮಾರುವವರ ಹತ್ತಿರ ಈ ವರ್ಷದ ಆಸ್ತಿ ತೆರಿಗೆ ಬಿಲ್ ಕೇಳಲಿ. ಅದರ ಮೇಲ್ಭಾಗದಲ್ಲಿ ಟ್ಯಾಕ್ಸ್ ರೇಟ್ ಏರಿಯಾ ಅಂತ ಒಂದು ಸಂಖ್ಯೆ ಇರುತ್ತದೆ. ಈ ಜಾಗದ ಮೇಲೆ ಯಾವ ಯಾವ ಸಂಸ್ಥೆಗೆ ಅಧಿಕಾರ ಇದೆ ಅನ್ನುವುದರ ಪಕ್ಕಾ ಗುರುತು ಅದು. ಒಂದೇ ಸಂಖ್ಯೆ ಇರುವ ಎರಡು ಮನೆಗಳಿಗೆ ಒಂದೇ ಗುಂಪಿನ ಸಂಸ್ಥೆಗಳು. ನಿಮ್ಮ ಹಳೇ ಕೆಲಸದ ರುಚಿ ಇನ್ನೂ ಹೋಗಿರದಿದ್ದರೆ, ಕೌಂಟಿ ಕಚೇರಿಯಿಂದ ಆ ಸಂಖ್ಯೆಯ ಪಟ್ಟಿ ತರಿಸಿ ನೋಡಿ. ಬಿಲ್‌ನಲ್ಲಿ ಮೊದಲ ಸಾಲು ಶೇ. 1ರ ಮೂಲ ತೆರಿಗೆ. ಅದರ ಕೆಳಗೆ ಶಾಲಾ ಬಾಂಡ್‌ಗಳು, ಅಂದರೆ ಶಾಲೆಗಳಿಗೆ ಎತ್ತಿದ ಸಾಲ ತೀರಿಸುವ ಪಾಲು. ಅದರ ಕೆಳಗೆ ನಿಗದಿತ ಶುಲ್ಕಗಳು, ಒಳಚರಂಡಿಯದೂ ಅಲ್ಲೇ ಸಿಗಬಹುದು. ಮೂಲ ದರ ಪಟ್ಟಣದಲ್ಲಿದ್ದರೂ ಅಷ್ಟೇ, ಕೌಂಟಿ ಜಾಗದಲ್ಲಿದ್ದರೂ ಅಷ್ಟೇ. 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾವನೆ ಅನ್ನುವ ಕಾನೂನು ಇಡೀ ರಾಜ್ಯಕ್ಕೆ ಇದನ್ನು ಕಟ್ಟಿಹಾಕಿದೆ. ತೆರಿಗೆ ಕಟ್ಟುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ, ಮಾರಾಟವಾದಾಗ ಹೊಸ ಬೆಲೆಗೆ ಬರುತ್ತದೆ. ಹಾಗಾಗಿ ಮಾರುವವರು ನಲವತ್ತು ವರ್ಷದಿಂದ ಅಲ್ಲೇ ಇದ್ದವರಾದರೆ ಅವರ ಬಿಲ್ ಮೊತ್ತ ನೋಡಿ ಖುಷಿಪಡಬೇಡಿ. ನಿಮ್ಮ ಮಗನಿಗೆ ಬರುವುದು ಅದರ ಹಲವು ಪಟ್ಟಿರಬಹುದು. ಬಿಲ್‌ನಲ್ಲಿ ನೀವು ನೋಡಬೇಕಾದದ್ದು ಸಂಸ್ಥೆಗಳ ಹೆಸರುಗಳನ್ನು.

ಈಗ ಸೊಸೆಯ ಕಸಿವಿಸಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ತೂಕ ಇರುವುದು ಇದಕ್ಕೇ. ಲಡೇರಾ ಶುರುವಾದದ್ದು ಈಗಿರುವ ಥರದ ಊರಾಗಲಿಕ್ಕಲ್ಲ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಭಾಗದಲ್ಲಿ ಮನೆಗಳಿಗೆ ಭಾರೀ ಬರ. ಸ್ಟ್ಯಾನ್‌ಫರ್ಡ್‌ಗೆ ಹೊಸದಾಗಿ ಬಂದ ಮೇಷ್ಟ್ರುಗಳು, ಸುತ್ತಲಿನ ನೌಕರರು, ಕುಶಲಕರ್ಮಿಗಳು ಒಟ್ಟುಗೂಡಿ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡರು. ಹೆಸರು ಪೆನಿನ್ಸುಲಾ ಹೌಸಿಂಗ್ ಅಸೋಸಿಯೇಷನ್. ನಮ್ಮ ಹೌಸಿಂಗ್ ಸೊಸೈಟಿಗಳ ಹಾಗೇ, ಎಲ್ಲರೂ ದುಡ್ಡು ಹಾಕಿ ಒಟ್ಟಿಗೆ ಜಮೀನು ತಗೊಂಡರು. ವಿಶ್ವವಿದ್ಯಾಲಯದ ಜಮೀನಿಗೆ ಅಂಟಿಕೊಂಡಿದ್ದ 260 ಎಕರೆಯ ಒಂದು ರಾಂಚ್, ಅಂದರೆ ದನ-ಕುದುರೆ ಸಾಕುವ ದೊಡ್ಡ ಜಮೀನು. ಅಲ್ಲಿ 400 ಮನೆ ಕಟ್ಟುವುದು, ಆಟದ ಜಾಗ, ಅಂಗಡಿಸಾಲು, ಪೆಟ್ರೋಲ್ ಬಂಕ್, ಹೋಟೆಲು ಎಲ್ಲ ಎಲ್ಲರ ಜಂಟಿ ಒಡೆತನದಲ್ಲಿ ಇಟ್ಟುಕೊಳ್ಳುವುದು ಅನ್ನುವುದು ಯೋಜನೆ. ಆಗ ತಾನೇ ಸ್ಟ್ಯಾನ್‌ಫರ್ಡ್‌ಗೆ ಪಾಠ ಮಾಡಲು ಬಂದಿದ್ದ ಕಾದಂಬರಿಕಾರ ವಾಲೇಸ್ ಸ್ಟೆಗ್ನರ್ ಇದರ ಮುಂಚೂಣಿಯಲ್ಲಿದ್ದರು.

ಸಂಘಕ್ಕೆ ಮೊದಲು ಸೇರಿದ 150 ಕುಟುಂಬಗಳಲ್ಲಿ 3 ಕಪ್ಪು ಜನರ ಕುಟುಂಬಗಳು. ಬರೀ ಮೂರು. ಯೋಜನೆ ಮುಳುಗಿದ್ದು ಅಲ್ಲಿ.

ಯಾಕೆ ಅಂತ ತಿಳಿಯಬೇಕಾದರೆ ಆಗಿನ ಸಾಲದ ವ್ಯವಸ್ಥೆ ಗೊತ್ತಿರಬೇಕು. 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನುವ ಸಂಸ್ಥೆ ಹುಟ್ಟಿತು. ಎಲ್ಲರೂ ಎಫ್‌ಎಚ್‌ಎ ಅನ್ನುತ್ತಾರೆ. ಇದು ಸಾಲ ಕೊಡುವುದಿಲ್ಲ, ಸಾಲಕ್ಕೆ ವಿಮೆ ಕೊಡುತ್ತದೆ. ಸಾಲಗಾರ ಕೈಎತ್ತಿದರೆ ಬ್ಯಾಂಕಿಗೆ ನಷ್ಟ ಇಲ್ಲ. ಒಂದು ದೊಡ್ಡ ಬಡಾವಣೆ ಕಟ್ಟಬೇಕಾದರೆ ಬ್ಯಾಂಕುಗಳು ಮೊದಲು ಕೇಳುತ್ತಿದ್ದದ್ದೇ ಎಫ್‌ಎಚ್‌ಎ ಒಪ್ಪಿಗೆ ಇದೆಯಾ ಅಂತ. ಆ ಸಂಸ್ಥೆಯ ಕೈಪಿಡಿಯಲ್ಲಿ ಬೇರೆ ಬೇರೆ ಜನಾಂಗದವರು ಒಂದೇ ಬಡಾವಣೆಯಲ್ಲಿದ್ದರೆ ಬೆಲೆ ಬೀಳುತ್ತದೆ, ಅಂಥ ಕಡೆ ವಿಮೆ ಕೊಡುವುದು ಅಪಾಯ ಅನ್ನುವ ಧೋರಣೆ ಇತ್ತು. ಇದು ಯಾರೋ ಒಬ್ಬ ಅಧಿಕಾರಿಯ ಪೂರ್ವಗ್ರಹ ಆಗಿರಲಿಲ್ಲ. ಅಚ್ಚಾದ ಸರ್ಕಾರಿ ನಿಯಮ.

ಹಾಗಾಗಿ ಮೂರು ಕುಟುಂಬ ಇರುವ ತನಕ ವಿಮೆ ಇಲ್ಲ, ವಿಮೆ ಇಲ್ಲದೆ ಸಾಲ ಇಲ್ಲ. ಸಂಘದವರು ಒಂದು ರಾಜಿ ಸೂತ್ರ ಹುಡುಕಿದರು. ಕ್ಯಾಲಿಫೋರ್ನಿಯಾದ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ನಮ್ಮಲ್ಲಿ ಸೇರಿಸಿಕೊಳ್ಳುವುದಿಲ್ಲ ಅನ್ನುವ ಕೋಟಾ. 1948ರ ಜನವರಿಯಲ್ಲಿ ಸದಸ್ಯರು ಮತ ಹಾಕಿದರು. ಪರ 78, ವಿರುದ್ಧ 75. ಆ ಅಂಕಿ ನೋಡಿ. ಅರ್ಧಕ್ಕರ್ಧ ಜನಕ್ಕೆ ಈ ರಾಜಿ ಬೇಕಿರಲಿಲ್ಲ. ಒಪ್ಪಿದವರೂ ಮನಸಾರೆ ಒಪ್ಪಿದರು ಅಂತ ನನಗನ್ನಿಸುವುದಿಲ್ಲ, ಮನೆಯಾದರೂ ಆಗಲಿ ಅಂದುಕೊಂಡಿರಬೇಕು. ಅದೂ ಫಲ ಕೊಡಲಿಲ್ಲ. ಅಧಿಕಾರಿಗಳು ಕೋಟಾವನ್ನೂ ಒಪ್ಪಲಿಲ್ಲ. ಸ್ಟೆಗ್ನರ್ ಸೇರಿ ಮಂಡಳಿಯ ಕೆಲವರು ರಾಜೀನಾಮೆ ಕೊಟ್ಟರು, ಸಂಘ ಮುಚ್ಚಿತು. 1950ರಲ್ಲಿ ಜಮೀನು ಖಾಸಗಿ ಬಿಲ್ಡರ್ ಕೈಗೆ ಹೋಯಿತು. ಅವನಿಗೆ ಎಫ್‌ಎಚ್‌ಎ ಒಪ್ಪಿಗೆ ಸಿಕ್ಕಿತು. ಷರತ್ತು ಏನು ಗೊತ್ತಾ? ಕಪ್ಪು ಜನರಿಗೆ ಮಾರಬಾರದು. ಈಗಿನ ಲಡೇರಾ ಎದ್ದದ್ದು ಹಾಗೆ.

ಇನ್ನೂ ಒಂದು ತಿರುವು ಗಮನಿಸಿ. 1948ರ ಮೇ ತಿಂಗಳಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಜನಾಂಗೀಯ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ತೀರ್ಪು ಕೊಟ್ಟಿತ್ತು. ತೀರ್ಪು ಬಂದ ಮೇಲೂ ಲಡೇರಾದ ಜಮೀನಿನ ಗತಿ ಬದಲಾಗಲಿಲ್ಲ. ಷರತ್ತನ್ನು ಕೋರ್ಟಿಗೆ ತಗೊಂಡು ಹೋಗುವ ಅಗತ್ಯವೇ ಬೀಳಲಿಲ್ಲ, ಸಾಲದ ಫೈಲಿನಲ್ಲೇ ಕೆಲಸ ಮುಗಿದಿತ್ತು. ಮನೆ ಮಾರಾಟದಲ್ಲಿ ತಾರತಮ್ಯವೇ ಕಾನೂನುಬಾಹಿರ ಅನ್ನುವ ಫೆಡರಲ್ ಕಾನೂನು ಬಂದದ್ದು 1968ರಲ್ಲಿ.

ಈಗ ಆ ದಪ್ಪಕ್ಷರದ ಹಾಳೆ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಹಳೇ ಷರತ್ತುಪತ್ರದ ಪ್ರತಿ ಕೊಡುವಾಗ ಅದರ ಮೇಲೆ ಇಂಥ ಎಚ್ಚರಿಕೆ ಇರಲೇಬೇಕು. ಅಕ್ಷರದ ಗಾತ್ರವನ್ನೂ ಕಾನೂನೇ ಹೇಳುತ್ತದೆ, ಕನಿಷ್ಠ 14 ಪಾಯಿಂಟ್, ದಪ್ಪ. ಅದಕ್ಕೇ ಕಣ್ಣಿಗೆ ಹೊಡೆಯುವ ಹಾಗಿದೆ. ಒಳಗೆ ಅಂಥ ಷರತ್ತು ಇದ್ದರೂ ಇಲ್ಲದಿದ್ದರೂ ಹಾಳೆ ಹಾಕುತ್ತಾರೆ. ಹಾಗಾಗಿ ಹಾಳೆ ನೋಡಿ ಏನೂ ತೀರ್ಮಾನಿಸಲಾಗದು, ಪತ್ರವನ್ನೇ ಓದಬೇಕು. 1950ರ ಆಸುಪಾಸಿನ ಟೈಪ್‌ರೈಟರ್ ಪ್ರತಿಯಾದರೆ ಬೇಲಿ ಎಷ್ಟೆತ್ತರ, ಕೋಳಿ ಸಾಕಬಹುದಾ ಅನ್ನುವಂಥ ಕಲಂಗಳ ನಡುವೆಯೇ ಇದೂ ಇರಬಹುದು, ಬೇರೆ ಶೀರ್ಷಿಕೆ ಕೂಡ ಇಲ್ಲದೆ.

ಇದ್ದರೆ ಏನು ಮಾಡುವುದು? ಅದಕ್ಕೆ ಯಾವ ಬಲವೂ ಇಲ್ಲ, ಮನೆ ಕೊಳ್ಳಲು ಅಡ್ಡಿಯಿಲ್ಲ. ಅದು ದಾಖಲೆಯಲ್ಲಿ ಉಳಿಯುವುದು ಬೇಡ ಅನ್ನಿಸಿದರೆ ಕೌಂಟಿ ರೆಕಾರ್ಡರ್ ಕಚೇರಿಗೆ ತಿದ್ದುಪಡಿ ಅರ್ಜಿ ಹಾಕಬಹುದು. ಆ ಸಾಲನ್ನು ಮರೆಮಾಚಿದ ಹೊಸ ಪ್ರತಿಯನ್ನು ನೋಂದಾಯಿಸುತ್ತಾರೆ. 2021ರ ಒಂದು ಕಾನೂನಿನ ಪ್ರಕಾರ ಪ್ರತಿ ಕೌಂಟಿಯೂ ತಾನಾಗಿಯೇ ಇಂಥ ಕಾಗದಗಳನ್ನು ಹುಡುಕಿ ತಿದ್ದಬೇಕು. ಹಳೇ ಪ್ರತಿಯನ್ನು ಸುಟ್ಟುಹಾಕುವುದಿಲ್ಲ, ಇತಿಹಾಸಕ್ಕೆ ಅಂತ ಇಟ್ಟುಕೊಳ್ಳುತ್ತಾರೆ. ನನ್ನ ಸಲಹೆ, ನಿಮ್ಮ ಸೊಸೆ ಅರ್ಜಿ ಹಾಕುವ ಮೊದಲು ಆ ಪುಟದ ಒಂದು ಪ್ರತಿ ತಮ್ಮ ಹತ್ತಿರವೂ ಇಟ್ಟುಕೊಳ್ಳಲಿ.

ಇದು ಕಪ್ಪು ಜನರ ಕಥೆ, ನಮಗೇನು ಅನ್ನುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಬಹಳಷ್ಟು ಹಳೇ ಷರತ್ತುಪತ್ರಗಳಲ್ಲಿ ಬಿಳಿಯರಲ್ಲದವರು ಯಾರೂ ವಾಸ ಮಾಡಬಾರದು ಅಂತಲೇ ಇರುತ್ತಿತ್ತು. ಮನೆಗೆಲಸದವರಾಗಿ ಇದ್ದರೆ ಮಾತ್ರ ಪರವಾಗಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂದಿತ್ತು. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಈಗ ಆ ಸಿಲಿಕಾನ್ ಕಣಿವೆಯ ತುಂಬ ಕನ್ನಡ ಮಾತು ಕೇಳುತ್ತದೆ, ಕನ್ನಡ ಕೂಟ ಇದೆ. ಅಲ್ಲಿಗೆ ಮೊನ್ನೆ ಮೊನ್ನೆ ಹೋದವರಿಗೆ ಇದೆಲ್ಲ ಗೊತ್ತಿರುವುದು ಕಮ್ಮಿ.

ಲಡೇರಾಕ್ಕೂ ಭಾರತಕ್ಕೂ ಇನ್ನೊಂದು ನಂಟಿದೆ, ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆ ಸಹಕಾರ ಸಂಘದ ಊರಿನ ನಕ್ಷೆ ಮಾಡಿದ ತಂಡದಲ್ಲಿ ಜೋಸೆಫ್ ಅಲೆನ್ ಸ್ಟೈನ್ ಅನ್ನುವ ಯುವ ವಾಸ್ತುಶಿಲ್ಪಿ ಇದ್ದರು. ಜೊತೆಗೆ ಜಾನ್ ಫಂಕ್, ಹಸಿರು ಜಾಗದ ವಿನ್ಯಾಸಕ್ಕೆ ಗ್ಯಾರೆಟ್ ಎಕ್‌ಬೋ. ಗುಡ್ಡ ಕಡಿಯದೆ, ಇಳಿಜಾರಿಗೆ ಹೊಂದುವ ಹಾಗೆ ಮನೆ, ಮನೆಗಳ ನಡುವೆ ಎಲ್ಲರಿಗೂ ಸೇರಿದ ಹಸಿರು. ಅವರ ಕನಸು ಅದು. ಕೆಲವೇ ವರ್ಷಗಳಲ್ಲಿ ಸ್ಟೈನ್ ಅಮೆರಿಕ ಬಿಟ್ಟರು. 1952ರಲ್ಲಿ ಬಂಗಾಳದ ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿಗೆ ಬಂದರು, ಆಮೇಲೆ ದೆಹಲಿ, ಅಲ್ಲೇ ನೆಲೆ ನಿಂತರು. ಲೋಧಿ ಗಾರ್ಡನ್ ಪಕ್ಕದ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ ಅವರದು, ಇಂಡಿಯಾ ಹ್ಯಾಬಿಟಾಟ್ ಸೆಂಟರ್ ಅವರದು. 1992ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದ್ದೀರಲ್ವಾ? ಕಲ್ಲಿನ ಗೋಡೆ, ಬಳ್ಳಿ, ಉದ್ದುದ್ದ ಮೊಗಸಾಲೆ. ಅದರ ವಿನ್ಯಾಸ ಬಿ.ವಿ. ದೋಶಿ ಅವರದು, ಕೆಲಸ ಮಾಡಿದ ಸಂಸ್ಥೆಯ ಹೆಸರು ಸ್ಟೈನ್, ದೋಶಿ ಆ್ಯಂಡ್ ಭಲ್ಲಾ. ಆ ಸ್ಟೈನ್ ಇವರೇ.

ಸರಿ, ಲಡೇರಾ ಯಾಕೆ ಪಟ್ಟಣ ಆಗಲಿಲ್ಲ? ಪಕ್ಕದ ವುಡ್‌ಸೈಡ್ 1956ರಲ್ಲಿ ಆಯಿತು. ಪೋರ್ಟೋಲಾ ವ್ಯಾಲಿ 1964ರಲ್ಲಿ. ಆಗಿನ ಕೌಂಟಿ ಆಡಳಿತ ಬಡಾವಣೆಗಳಿಗೆ ಧಾರಾಳವಾಗಿ ಒಪ್ಪಿಗೆ ಕೊಡುತ್ತಿತ್ತು, ನಮ್ಮ ಬೆಟ್ಟಗಳನ್ನು ನಾವೇ ಕಾಯ್ದುಕೊಳ್ಳಬೇಕು ಅನ್ನುವುದು ಆ ಪಟ್ಟಣ ಮಾಡಿಕೊಂಡವರ ವಾದ. ಅಲ್ಲಿ ದೊಡ್ಡ ದೊಡ್ಡ ನಿವೇಶನ, ಕುದುರೆ ದಾರಿ. ಲಡೇರಾ ಅಷ್ಟು ಹೊತ್ತಿಗೆ ಸಣ್ಣ ನಿವೇಶನಗಳ ತುಂಬಿದ ಬಡಾವಣೆ. ಕಾಯ್ದುಕೊಳ್ಳಲು ಖಾಲಿ ಬೆಟ್ಟ ಒಳಗೆ ಉಳಿದಿರಲಿಲ್ಲ. ಗಡಿ ಎಳೆದಾಗ ಅದು ಹೊರಗೇ ಉಳಿಯಿತು.

ಪಟ್ಟಣ ಆಗದಿದ್ದರೆ ಏನು ನಷ್ಟ ಅನ್ನುವುದಕ್ಕೆ ಲಡೇರಾ ಒಂದನ್ನೇ ನೋಡಿದರೆ ತಪ್ಪು ಚಿತ್ರ ಸಿಗುತ್ತದೆ. ಇದೇ ಕೌಂಟಿಯಲ್ಲಿ, ಹತ್ತು ಮೈಲಿಯೊಳಗೆ, ಕೊಲ್ಲಿಯ ದಂಡೆಯಲ್ಲಿ ಈಸ್ಟ್ ಪಾಲೋ ಆಲ್ಟೊ ಇದೆ. ಲಡೇರಾದಂಥ ಕಡೆ ಬಾಗಿಲು ಮುಚ್ಚಿದಾಗ ಕಪ್ಪು ಕುಟುಂಬಗಳಿಗೆ ಮನೆ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಅದೊಂದು. ಅದೂ ಅನ್‌ಇನ್‌ಕಾರ್ಪೊರೇಟೆಡ್ ಆಗಿಯೇ ಇತ್ತು. ಎಲ್ಲ ತೀರ್ಮಾನ ರೆಡ್‌ವುಡ್ ಸಿಟಿಯ ಕೌಂಟಿ ಕಚೇರಿಯಲ್ಲಿ. ಕೌಂಟಿ ನಡೆಸುವ ಮಂಡಳಿಯಲ್ಲಿ ಸೂಪರ್‌ವೈಸರ್‌ಗಳು ಅನ್ನುವ ಐದು ಜನ, ಅವರನ್ನು ಆರಿಸುತ್ತಿದ್ದದ್ದು ಇಡೀ ಕೌಂಟಿಯ ಮತದಾರರು. ಒಂದು ಮೂಲೆಯ ಬಡವರ ಮತ ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ. ಅವರು ನಗರವಾಗಲು ವರ್ಷಗಟ್ಟಲೆ ಹೋರಾಡಿದರು. 1983ರಲ್ಲಿ ಮತದಾನ ಆಯಿತು. ಗೆದ್ದದ್ದು 15 ಮತಗಳಿಂದ. ಅದನ್ನೂ ಕೋರ್ಟಿಗೆ ಎಳೆದರು, ರಾಜ್ಯದ ಸುಪ್ರೀಂ ಕೋರ್ಟ್ 1986ರಲ್ಲಿ ಎತ್ತಿಹಿಡಿಯಿತು. ಕೌಂಟಿಯ ಕೆಳಗೆ ನೆಮ್ಮದಿಯಾಗಿರುವುದು ಲಡೇರಾಕ್ಕೆ ಸಾಧ್ಯ. ಅಲ್ಲಿನವರಿಗೆ ವಕೀಲರು ಗೊತ್ತು, ಸಭೆಗೆ ಹೋಗಲು ಪುರುಸೊತ್ತು ಇದೆ, ಅವರು ಬರೆದ ಈಮೇಲ್‌ಗೆ ಉತ್ತರ ಬರುತ್ತದೆ. ಒಂದೇ ಕಾನೂನು ಸ್ಥಿತಿ, ಇಬ್ಬರಿಗೆ ಇಷ್ಟು ಬೇರೆ. ಏಜೆಂಟ್ ಹೇಳುವ 'ಅನ್‌ಇನ್‌ಕಾರ್ಪೊರೇಟೆಡ್ ಅಂದರೆ ಕಿರಿಕಿರಿ ಕಮ್ಮಿ' ಅನ್ನುವ ಮಾತು ಈ ಊರಿಗೆ ನಿಜ, ಎಲ್ಲ ಊರಿಗೂ ಅಲ್ಲ.

ಪಕ್ಕದ ಪಟ್ಟಣ ಸೇರಿಸಿಕೊಂಡರೆ ಅಂತ ಕೇಳಿದ್ದೀರಿ. ರಾತ್ರೋರಾತ್ರಿ ಗೆಜೆಟ್ ಹೊರಡಿಸಿ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಪ್ರತಿ ಕೌಂಟಿಗೂ ಗಡಿ ವಿಷಯ ನೋಡಲು ಲಾಫ್ಕೋ ಅನ್ನುವ ಆಯೋಗ ಇದೆ, 1963ರ ಕಾನೂನಿನಿಂದ ಬಂದದ್ದು. ಸೇರ್ಪಡೆ ಅರ್ಜಿ ಅಲ್ಲಿಗೆ ಹೋಗಬೇಕು, ವಿಚಾರಣೆ ನಡೆಯಬೇಕು. ಲಡೇರಾದಂಥ ಜನವಸತಿ ಇರುವ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಲಿಖಿತವಾಗಿ ವಿರೋಧಿಸಿದರೆ ಅಲ್ಲಿಗೆ ಮುಗಿಯಿತು. ಅಂಥ ವಿರೋಧ ಕಾಲು ಭಾಗ ದಾಟಿದರೂ ಮತದಾನ ಆಗಬೇಕು. ಸೇರಿದರೂ ಆಕಾಶ ಬೀಳುವುದಿಲ್ಲ. ಶಾಲೆ ಬದಲಾಗಬೇಕಿಲ್ಲ, ನೀರಿನ ಕಂಪನಿ ಅದೇ, ಶೆರಿಫ್ ಅವನೇ. ಮುಖ್ಯವಾಗಿ ಕಟ್ಟಡದ ಅನುಮತಿಗೆ ಹೋಗುವ ಕಚೇರಿ ಬೇರೆಯಾಗುತ್ತದೆ.

ಅನುಮತಿ ಅಂದ ಮೇಲೆ ಒಂದು ಮಾತು. ಎಪ್ಪತ್ತು ವರ್ಷದ ಮನೆಗಳಿವು. ಮಧ್ಯೆ ಯಾರೋ ಒಂದು ರೂಮ್ ಸೇರಿಸಿರುತ್ತಾರೆ, ಗ್ಯಾರೇಜನ್ನು ಮಲಗುವ ಕೋಣೆ ಮಾಡಿರುತ್ತಾರೆ. ಕೌಂಟಿಯ ಪ್ಲಾನಿಂಗ್ ಇಲಾಖೆಯಲ್ಲಿ ಆ ಮನೆಯ ಪರ್ಮಿಟ್ ಚರಿತ್ರೆ ತೆಗೆಸಿ, ಈಗಿರುವ ಕಟ್ಟಡದ ಜೊತೆ ಹೋಲಿಸಿ ನೋಡಲಿ. ಪೋರ್ಟೋಲಾ ವ್ಯಾಲಿ ಪಟ್ಟಣದ ಕಚೇರಿಗೆ ಹೋಗಿ ಕೇಳಿದರೆ ಇಲ್ಲ ಅಂತಲೇ ಬರುತ್ತದೆ, ಕಡತ ಅಲ್ಲಿಲ್ಲ. 'ದಾಖಲೆಯಲ್ಲಿ ಏನೂ ತೊಂದರೆ ಇಲ್ಲ' ಅಂತ ತಪ್ಪಾಗಿ ಓದಿಕೊಂಡು ಮೋಸಹೋಗುವುದು ಇಲ್ಲೇ.

ಕೊನೆಯದಾಗಿ ನೀವು ಕೇಳದ ವಿಷಯ, ಆದರೆ ನಾನಾದರೆ ಮೊದಲು ಕೇಳುತ್ತಿದ್ದೆ: ಮನೆ ವಿಮೆ. ಒಣ ಹುಲ್ಲಿನ ಬೆಟ್ಟದ ಬುಡ ಅದು. ಹೆಚ್ಚಿನ ಬೀದಿಗಳೂ ಕಡೆಗೆ ಬಂದು ಸೇರುವುದು ಆಲ್ಪೈನ್ ರೋಡಿಗೇ. 2020ರಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಇದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ, ಸ್ಯಾನ್ ಮಟೇಯೊ ಮತ್ತು ಸಾಂತಾ ಕ್ರೂಜ್ ಕೌಂಟಿಗಳಲ್ಲಿ, ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟಿತು. ಆಮೇಲಂತೂ ವಿಮಾ ಕಂಪನಿಗಳು ಬೆಟ್ಟದ ಪಕ್ಕದ ಮನೆ ಅಂದರೆ ಹಿಂದೆ ಸರಿಯುತ್ತಿವೆ. ಮಾರುವವರ ಪಾಲಿಸಿ ಇವರಿಗೆ ವರ್ಗವಾಗುವುದಿಲ್ಲ. ಎಲ್ಲೂ ಸಿಗದಿದ್ದರೆ ಫೇರ್ ಪ್ಲಾನ್ ಅನ್ನುವ ಕೊನೇ ಆಸರೆ ಇದೆ, ಅದು ದುಬಾರಿ, ರಕ್ಷಣೆಯೂ ಕಮ್ಮಿ. ರಾಜ್ಯದ ಅಗ್ನಿ ಅಪಾಯದ ನಕ್ಷೆಯಲ್ಲಿ ಆ ಮನೆ ಯಾವ ವಲಯದಲ್ಲಿದೆ ಅಂತ ನೋಡಲಿ. ಎರಡು ಮೂರು ಕಂಪನಿಗಳಿಂದ ಲಿಖಿತ ಕೊಟೇಷನ್ ಕೈಗೆ ಬರುವ ತನಕ ಒಪ್ಪಂದದಲ್ಲಿ ಹಿಂದೆ ಸರಿಯುವ ಷರತ್ತನ್ನು ಬಿಟ್ಟುಕೊಡಬೇಡ ಅಂತ ಮಗನಿಗೆ ಇವತ್ತೇ ಹೇಳಿ. ಅಲ್ಲಿ ಆ ಅವಧಿ ಕೆಲವೇ ದಿನದ್ದು, ಪೈಪೋಟಿ ಇದ್ದರೆ ಏಜೆಂಟ್ ಅದನ್ನೂ ಬಿಟ್ಟುಬಿಡಿ ಅನ್ನುತ್ತಾರೆ.